ಲಿಕ್ವಿಡ್ ಇಂಜೆಕ್ಷನ್ ಕಂಪ್ರೆಸರ್ ಸುಟ್ಟಿದೆ, ಬದಲಿಸಿದವರು ಹೇಳಿ

ಬಳ್ಳಾರಿ ಐಸ್‌ಕ್ರೀಮ್ ಗೋಡೌನ್:
ನಮ್ಮದು ಮೈನಸ್ 20ರ ಫ್ರೀಜರ್ ರೂಮ್. 404ಎ ಗ್ಯಾಸು, 6 ಎಚ್‌ಪಿ ಸ್ಕ್ರಾಲ್ ಕಂಪ್ರೆಸರ್, ಲಿಕ್ವಿಡ್ ಇಂಜೆಕ್ಷನ್ (ಬಿಸಿ ಏರದಂತೆ ಒಂಚೂರು ದ್ರವ ಗ್ಯಾಸನ್ನು ಕಂಪ್ರೆಸರ್ ಒಳಗೇ ಬಿಡುವ ಲೈನ್) ಇರುವಂಥದ್ದು. ಸೋಮವಾರ ವೈಂಡಿಂಗ್ ಹೋಯಿತು. ಅದೇ ಮಾಡೆಲ್ ಬರಲು 12 ದಿನ ಬೇಕಂತೆ. ಮೆಕ್ಯಾನಿಕ್ ಮಾತ್ರ "ಸಾದಾದು ಹಾಕೋಣ, ಇಂಜೆಕ್ಷನ್ ಲೈನ್ ಪಿಂಚ್ ಮಾಡಿ ಮುಚ್ಚಿಬಿಡೋಣ" ಅನ್ನುತ್ತಾನೆ. ಹೀಗೆ ಮಾಡಿಸಿದವರು ಯಾರಾದರೂ ಇದ್ದೀರಾ?

ರಾಯಚೂರು ಮೀನಂಗಡಿ:
ಮಾಡಿಸಿದವನು ನಾನೇ. ಹೋದ ವರ್ಷ ಏಪ್ರಿಲ್. ಸಾದಾ ಕಂಪ್ರೆಸರ್ 61,500. ಗ್ಯಾಸ್ 9 ಕೆಜಿಗೆ 9,900. ಪೈಪಿನ ತೇವ ಹೀರುವ ಡ್ರೈಯರ್ 1,850. ನೈಟ್ರೋಜನ್ 900. ಕೂಲಿ 7,000. ಮೆಕ್ಯಾನಿಕ್‌ಗೂ ಅವನ ಹುಡುಗನಿಗೂ ಎರಡು ಹೊತ್ತು ಊಟ ಬೇರೆ. ಮೊದಲ ವಾರ ರೂಮು ಮೈನಸ್ 18ಕ್ಕೆ ಬಂತು. ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಮೇ ಬಂತು. ನಮ್ಮೂರ ಮೇ ಗೊತ್ತಲ್ವಾ, 43 ಡಿಗ್ರಿ. ಕಂಪ್ರೆಸರ್‌ನಿಂದ ಬಿಸಿ ಗ್ಯಾಸ್ ಹೊರಡುವ ಡಿಸ್ಚಾರ್ಜ್ ಪೈಪು 128 ಡಿಗ್ರಿ ತೋರಿಸಿತು. ಕಂಪ್ರೆಸರ್‌ನಿಂದ ಅರ್ಧ ಅಡಿ ದೂರದಲ್ಲಿ 107 ದಾಟಿದರೆ ಎಣ್ಣೆ ಕೆಡಲು ಶುರು ಅಂತ ನನಗೆ ಯಾರೂ ಹೇಳಿರಲಿಲ್ಲ. 38ನೇ ದಿನಕ್ಕೆ ಎಣ್ಣೆ ಡಾಂಬರು. ಒಳಗಿದ್ದ 4 ಕ್ವಿಂಟಲ್ ರೋಹು, ಕಾಟ್ಲಾ ಹಾಳು. ಪಕ್ಕದ ಅಂಗಡಿಯವರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ಗಂಗಾವತಿ ಪಾರ್ಲರ್:
ನಾನು ಅದೇ ಮಾಡೆಲ್‌ಗೆ 15 ದಿನ ಕಾದೆ. ಸರಕೆಲ್ಲ ಹೊಸಪೇಟೆಯ ಭಾವನ ಫ್ರೀಜರ್‌ನಲ್ಲಿ. ತಂದು ಒಯ್ಯಲು ದಿನಕ್ಕೆ 1,400 ಗಾಡಿ ಬಾಡಿಗೆ. ಕಂಪ್ರೆಸರ್ 84,000. ಆದರೂ ಸರಿಯಾದದ್ದನ್ನೇ ಮಾಡಿದೆ, ಎದೆ ತಟ್ಟಿ ಹೇಳುತ್ತೇನೆ. ಒಂದೇ ಒಂದು ತಪ್ಪು, ಇಂಜೆಕ್ಷನ್ ಲೈನಿನ ಹಳೆ ಸೊಲೆನಾಯ್ಡ್ (ಕರೆಂಟಿನ ವಾಲ್ವ್) ಹಾಗೇ ಬಿಟ್ಟೆ. 2,600 ಉಳಿಯಿತು ಅಂದುಕೊಂಡೆ. ಅದು ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ರಾತ್ರಿ ಕರೆಂಟ್ ಹೋದಾಗ ಲಿಕ್ವಿಡ್ ಇಳಿದು ಕಂಪ್ರೆಸರ್ ಒಳಗೆ ತುಂಬಿತು. ಬೆಳಗ್ಗೆ ಸ್ಟಾರ್ಟ್ ಆದಾಗ ಕಲ್ಲು ಅರೆದ ಸದ್ದು. ಬದುಕಿತು, ಪುಣ್ಯ. ಈಗಲೂ ಸ್ಟಾರ್ಟ್ ಆಗುವಾಗ ಒಂದು ಸಲ ಕೆಮ್ಮುತ್ತದೆ.

ಕೊಪ್ಪಳ ಮೆಕ್ಯಾನಿಕ್:
ಬಳ್ಳಾರಿಯವರೇ, ಸಾದಾದು ಅಂದರೆ ಯಾವುದು? ಇಂಜೆಕ್ಷನ್ ಇಲ್ಲದೆಯೇ ಮೈನಸ್ 20ಕ್ಕೆ ಓಡಲಿ ಅಂತ ಕಂಪನಿಯೇ ಕೊಟ್ಟ ಮಾಡೆಲ್ ಇದ್ದರೆ ಲೈನ್ ಮುಚ್ಚಿ. ಎಸಿ ಕಂಪ್ರೆಸರ್ ಆದರೆ ಮುಟ್ಟಬೇಡಿ.

ಮೀನಿನ ಯಜಮಾನ್ರೇ, ಕಂಡೆನ್ಸರ್ (ಬಿಸಿ ಹೊರಬಿಡುವ ಜಾಲರಿ) ತೊಳೆದು ಎಷ್ಟು ದಿನ ಆಗಿತ್ತು, ಅದನ್ನು ಹೇಳಲಿಲ್ಲ. ನಿಮ್ಮ ಕಡೆ ಹತ್ತಿ ಮಿಲ್ಲಿನ ಪಕ್ಕ ಇದ್ದರೆ ಫಿನ್ ಮೇಲೆ ಹಾಸಿಗೆಯೇ ಬಿದ್ದಿರುತ್ತದೆ. ಸುಟ್ಟ ಕಂಪ್ರೆಸರ್ ತೆಗೆದರೂ ಆಸಿಡ್ ಪೈಪಿನಲ್ಲೇ ಉಳಿಯುತ್ತದೆ. ಗ್ಯಾಸ್ ವಾಪಸ್ ಬರುವ ಸಕ್ಷನ್ ಪೈಪಿಗೂ ಆಸಿಡ್ ಹೀರುವ ಬರ್ನ್‌ಔಟ್ ಡ್ರೈಯರ್ ಹಾಕಿ, ಕೆಲವು ದಿನ ಓಡಿದ ಮೇಲೆ ಬದಲಿಸಿ ಅಂದರೆ ಮುಖ ಗಂಟು ಹಾಕುತ್ತೀರಿ. ಪೈಪಿನ ಗಾಳಿ, ತೇವ ಎಳೆದು ವ್ಯಾಕ್ಯೂಮ್ 500 ಮೈಕ್ರಾನ್‌ಗೆ ಇಳಿಯಲು ಗಂಟೆಗಟ್ಟಲೆ ಬೇಕು. ಅರ್ಧ ಗಂಟೆಗೇ "ಆಯ್ತೇನಪ್ಪಾ?" ಕೊನೆಗೆ ಬೈಗುಳ ನಮಗೆ.

ರಾಯಚೂರು ಮೀನಂಗಡಿ:
ಬೈಗುಳ ಸುಮ್ನೆ ಬಂತಾ? ನಿಮ್ಮಂಥವರೇ ಒಬ್ಬರು ಹಳೆ ಫ್ರಿಜ್ ಕಂಪ್ರೆಸರ್ ಹಗ್ಗ ಕಟ್ಟಿ ತಂದು, ಇದೇ ವ್ಯಾಕ್ಯೂಮ್ ಪಂಪ್ ಅಂದರು. ಮೈಕ್ರಾನ್ ಗೇಜ್ ಕೇಳಿದ್ದಕ್ಕೆ ನಕ್ಕರು. ಕಂಡೆನ್ಸರ್ ನಾನು ತಿಂಗಳಿಗೊಮ್ಮೆ ತೊಳೆಸುತ್ತೇನೆ.

ಸಂಡೂರು ಹಳೆ ಐಸ್ ಫ್ಯಾಕ್ಟರಿ:
ಹಳೆ ಆರ್-22 ಗ್ಯಾಸ್ ಇದ್ದಾಗ ಈ ಇಂಜೆಕ್ಷನ್ ರಗಳೆಯೇ ಇರಲಿಲ್ಲ.

ಕೊಪ್ಪಳ ಮೆಕ್ಯಾನಿಕ್:
ಉಲ್ಟಾ, ಹಿರಿಯರೇ. 404ಎಗಿಂತ 22ರಲ್ಲೇ ಡಿಸ್ಚಾರ್ಜ್ ಬಿಸಿ ಜಾಸ್ತಿ. ಐಸ್‌ಗೆ ಮೈನಸ್ 10 ಸಾಕು, ಅದಕ್ಕೇ ನಿಮಗೆ ಬೇಕಾಗಲಿಲ್ಲ. ಮೈನಸ್ 20ಕ್ಕೆ ಇಳಿಸಿದರೆ ಸಕ್ಷನ್ ಪ್ರೆಶರ್ ಬೀಳುತ್ತದೆ, ಹೆಡ್ (ಡಿಸ್ಚಾರ್ಜ್ ಪ್ರೆಶರ್) ಅಲ್ಲೇ ಇರುತ್ತದೆ. ಒತ್ತುವ ಕೆಲಸ ಜಾಸ್ತಿ, ಬಿಸಿ ಜಾಸ್ತಿ. 2030ಕ್ಕೆ ಸರ್ವೀಸ್‌ಗೆ ಒಂಚೂರು ಬಿಟ್ಟು ನಿಮ್ಮ 22 ಕೂಡ ನಿಲ್ಲುತ್ತದೆ.

ಸಂಡೂರು ಹಳೆ ಐಸ್ ಫ್ಯಾಕ್ಟರಿ:
ನಿಂತರೆ ನಿಲ್ಲಲಿ. ಅದಿರಿನ ಕೆಂಪು ಧೂಳಿನಲ್ಲಿ 19 ವರ್ಷ ಒಂದೇ ಮಷಿನ್ ಓಡಿಸಿದ್ದೇನೆ. ನಿಮ್ಮ ಹತ್ತಿ ಯಾವ ಲೆಕ್ಕ?

ಗಂಗಾವತಿ ಪಾರ್ಲರ್:
ಅಕ್ಕಿ ಮಿಲ್ಲಿನ ತೌಡು ನೋಡಿಲ್ಲ ನೀವು. ನೀರು ಬಿಟ್ಟರೆ ಫಿನ್ ಒಳಗೇ ಹಿಟ್ಟು ನಾದಿದ ಹಾಗೆ. ಬ್ಲೋವರ್ 3,100 ಕೊಟ್ಟು ತಂದಿದ್ದೇನೆ, ಅದಕ್ಕೂ ಜಗ್ಗುವುದಿಲ್ಲ.

ಬಳ್ಳಾರಿ ಐಸ್‌ಕ್ರೀಮ್ ಗೋಡೌನ್:
ಧೂಳಿನ ಮಾತು ಆಮೇಲೆ. ಮೆಕ್ಯಾನಿಕ್ ಹತ್ತಿರ ಮಾಡೆಲ್ ನಂಬರ್ ಕೇಳಿದೆ. "ನಂಬರ್ ಯಾಕೆ, ಗ್ಯಾರಂಟಿ ನಂದು" ಅಂದ. ಅದೇ ಮಾಡೆಲ್ ಆರ್ಡರ್ ಹಾಕಿದೆ.

ಸಿಂಧನೂರು ಡೈರಿ ಅಕ್ಕ:
ಸತ್ತ ಕಂಪ್ರೆಸರ್ ಅವನಿಗೆ ಬಿಡಬೇಡಿ. ಒಳಗೆ ತಾಮ್ರ ಇರುತ್ತದೆ. ನಮ್ಮವನು "ಬಿಸಾಕ್ತೀನಕ್ಕಾ" ಅಂತ ಒಯ್ದ. ಗುಜರಿಯಲ್ಲಿ 3,200 ಎಣಿಸಿಕೊಂಡನಂತೆ.

ಕೊಪ್ಪಳ ಮೆಕ್ಯಾನಿಕ್:
ಅಷ್ಟು ಭಾರ ಹೊತ್ತು ತಾರಸಿಯಿಂದ ಇಳಿಸಿದವರು ಯಾರು ಅಕ್ಕಾ?

ಸಿಂಧನೂರು ಡೈರಿ ಅಕ್ಕ:
ಇಳಿಸಿದ್ದಕ್ಕೆ 1,500 ಬೇರೆ ಕೊಟ್ಟಿದ್ದೇನೆ. ಚೀಟಿ ಇದೆ, ಹಾಕಲಾ?