ಪದಚರ್ಚೆ: ಆಪ್ಗಾರ್ ‘ಅಂಕ’ ಸರಿಯಾ? ‘ಟೋನ್’ಗೆ ಏನನ್ನೋಣ? ‘ಮೈಬಣ್ಣ’ ಬೇಡವೇ ಬೇಡ ಅಲ್ವಾ?

ಗೆಳೆಯರೇ,

ಬಾಣಂತಿಯರಿಗಾಗಿ ಒಂದು ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಆಪ್ಗಾರ್ ಸ್ಕೋರಿಗೆ ಒಂದು ಪುಟ ಮೀಸಲು. ಹೆರಿಗೆಯಾದ ಮೇಲೆ ಡಿಸ್ಚಾರ್ಜ್ ಚೀಟಿಯಲ್ಲಿ ‘ಆಪ್ಗಾರ್ 8, 9’ ಅಂತ ಬರೆದಿರುತ್ತಾರಲ್ಲ, ಅದೇ. ಪುಟ ಸಣ್ಣದು, ಆದರೆ ಮೂರು ಪದಗಳು ಮುಂದಕ್ಕೆ ಬಿಡುತ್ತಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಮಗು ಹುಟ್ಟಿದ 1 ನಿಮಿಷಕ್ಕೆ ಒಮ್ಮೆ, 5 ನಿಮಿಷಕ್ಕೆ ಇನ್ನೊಮ್ಮೆ ಐದು ಸಂಗತಿ ನೋಡುತ್ತಾರೆ: ಎದೆಬಡಿತ, ಉಸಿರಾಟ, ಕೈಕಾಲಿನ ಟೋನ್ (ಸ್ನಾಯುಗಳಲ್ಲಿರುವ ಹಿಡಿತ), ಕೆಣಕಿದರೆ ಮಗು ಏನು ಮಾಡುತ್ತೆ ಅನ್ನೋದು, ಮತ್ತೆ ಬಣ್ಣ. ಒಂದೊಂದಕ್ಕೂ 0, 1 ಅಥವಾ 2. ಎಲ್ಲ ಸೇರಿ ಹೆಚ್ಚೆಂದರೆ 10. ಏಳು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಚಿಂತೆಯಿಲ್ಲ. 5 ನಿಮಿಷಕ್ಕೂ ಏಳು ಮುಟ್ಟದಿದ್ದರೆ ಐದೈದು ನಿಮಿಷಕ್ಕೊಮ್ಮೆ, 20 ನಿಮಿಷದವರೆಗೂ ನೋಡುತ್ತಾ ಹೋಗುತ್ತಾರೆ.

ಹೆಸರಿನ ವಿಷಯ ಮೊದಲು ಮುಗಿಸಿಬಿಡ್ತೀನಿ. ಆಪ್ಗಾರ್ ಅನ್ನೋದು ಒಬ್ಬರ ಮನೆತನದ ಹೆಸರು. ವರ್ಜೀನಿಯಾ ಆಪ್ಗಾರ್ ನ್ಯೂಯಾರ್ಕಿನ ಅರಿವಳಿಕೆ ವೈದ್ಯೆ. 1952ರಲ್ಲಿ ಈ ಪದ್ಧತಿ ಹುಟ್ಟುಹಾಕಿ 1953ರಲ್ಲಿ ಪ್ರಕಟಿಸಿದರು. ಹೆಸರಿನ ಐದು ಅಕ್ಷರಗಳಿಗೆ ಒಂದೊಂದು ಇಂಗ್ಲಿಷ್ ಪದ ಜೋಡಿಸಿದ್ದು ಆಮೇಲೆ, 1960ರ ದಶಕದಲ್ಲಿ, ವಿದ್ಯಾರ್ಥಿಗಳಿಗೆ ನೆನಪಿರಲಿ ಅಂತ. ಹಾಗಾಗಿ ಕನ್ನಡದಲ್ಲಿ ‘ಎ.ಪಿ.ಜಿ.ಎ.ಆರ್.’ ಅಂತ ಚುಕ್ಕಿ ಇಟ್ಟು ಬರೆಯುವ ಅಗತ್ಯವಿಲ್ಲ.

ಈಗ ‘ಸ್ಕೋರ್’. ಆರೋಗ್ಯದ ಪುಸ್ತಿಕೆಗಳಲ್ಲಿ ಸಲೀಸಾಗಿ ‘ಅಂಕ’ ಅಂತ ಹಾಕುತ್ತಾರೆ. ತಪ್ಪೇನಿಲ್ಲ, ಆದರೆ ನಮ್ಮಲ್ಲಿ ಅಂಕ ಅಂದರೆ ಪರೀಕ್ಷೆ. ಹತ್ತಕ್ಕೆ ಒಂಬತ್ತು ಬಂದಿದೆ ಅಂದ ಕೂಡಲೇ ಅಜ್ಜಿಯಾದಿಯಾಗಿ ಎಲ್ಲರೂ ಕೇಳೋದು ‘ಆ ಒಂದು ಯಾಕೆ ಹೋಯ್ತು?’ ಅಂತಲೇ. ಅದು ಹೋಗೋದು ಸಾಮಾನ್ಯವಾಗಿ ಬಣ್ಣದ ಲೆಕ್ಕದಲ್ಲಿ. ಮೈಯೆಲ್ಲ ಸರಿಹೋದ ಮೇಲೂ ಅಂಗೈ, ಅಂಗಾಲು ಸ್ವಲ್ಪ ಹೊತ್ತು ನೀಲಿಯಾಗಿಯೇ ಇರುತ್ತವೆ. ಗಟ್ಟಿಮುಟ್ಟಾದ ಮಕ್ಕಳಲ್ಲೂ ಹೀಗೇ. ಅದಕ್ಕೇ ಹತ್ತಕ್ಕೆ ಹತ್ತು ಅಪರೂಪ. ಮುಂದೆ ಮಗು ಜಾಣನಾಗ್ತಾನಾ, ಓದ್ತಾನಾ ಅನ್ನೋದನ್ನ ಈ ಸಂಖ್ಯೆ ಹೇಳೋದೂ ಇಲ್ಲ.

ನನಗನಿಸೋದು, ‘ಸ್ಕೋರ್’ ಅನ್ನೇ ಉಳಿಸಿಕೊಳ್ಳೋಣ. ಕ್ರಿಕೆಟ್ ನೋಡುವಾಗ ‘ಸ್ಕೋರ್ ಎಷ್ಟಾಯ್ತು?’ ಅಂತ ಕೇಳುತ್ತೇವೆ; ಸದ್ಯಕ್ಕೆ ಎಲ್ಲಿಗೆ ಬಂತು ಅಂತ ಅರ್ಥ, ಗೆದ್ದರಾ ಸೋತರಾ ಅಂತಲ್ಲ. ಇಲ್ಲೂ ಅಷ್ಟೇ ಬೇಕಿರೋದು. ಕನ್ನಡವೇ ಬೇಕು ಅನ್ನುವವರಿಗೆ ‘ಆಪ್ಗಾರ್ ಎಣಿಕೆ’ ನಡೆಯುತ್ತಾ?

ಎರಡನೆಯದು ‘ಟೋನ್’. ಪುಸ್ತಿಕೆಗಳಲ್ಲಿ ‘ಸ್ನಾಯು ಬಿಗಿತ’ ಅಂತಿರುತ್ತೆ. ಇದಂತೂ ಉಲ್ಟಾ ಅರ್ಥ ಕೊಡುತ್ತೆ. ‘ಮಗುವಿನ ಕೈಕಾಲು ಬಿಗಿತ ಇದೆ’ ಅಂದರೆ ಯಾವ ತಾಯಿಯೂ ಹೆದರಿಹೋಗುತ್ತಾಳೆ. ಹೇಳಬೇಕಿರೋದು ಬೇರೆ. ಚೆನ್ನಾಗಿರುವ ಕೂಸು ಮೊಣಕೈ, ಮೊಣಕಾಲು ಮಡಚಿಕೊಂಡು, ಮುಷ್ಟಿ ಕಟ್ಟಿಕೊಂಡು ಮಲಗಿರುತ್ತೆ. ತೋಳನ್ನು ಮೆಲ್ಲಗೆ ನೆಟ್ಟಗೆ ಮಾಡಿ ಬಿಟ್ಟರೆ ತಟ್ಟನೆ ಮತ್ತೆ ಮಡಚಿಕೊಳ್ಳುತ್ತೆ. ಸೋತ ಕೂಸಿನ ತೋಳು ಬಿಟ್ಟಲ್ಲೇ ಬಿದ್ದಿರುತ್ತೆ. ಹೆರಿಗೆ ವಾರ್ಡಿನಲ್ಲಿ ನರ್ಸ್‌ಗಳು ತಮ್ಮತಮ್ಮಲ್ಲಿ ‘ಟೋನ್ ಚೆನ್ನಾಗಿದೆ’ ಅನ್ನುತ್ತಾರೆ, ಮನೆಯವರ ಹತ್ತಿರ ‘ಮಗು ಚುರುಕಾಗಿದೆ’ ಅನ್ನುತ್ತಾರೆ. ಚುರುಕು ಅಂದರೆ ಬುದ್ಧಿಯ ಚುರುಕೂ ಸೇರಿಬಿಡುತ್ತೆ, ಅದೊಂದು ತೊಡಕು. ‘ಕೈಕಾಲಿನ ಕಸುವು’ ಅಂತ ಬರೆದಿಟ್ಟಿದ್ದೇನೆ. 0ಕ್ಕೆ ‘ಜೋಲುಬಿದ್ದಿದೆ’, 1ಕ್ಕೆ ‘ಕೈಕಾಲು ಸ್ವಲ್ಪ ಮಡಚಿದೆ’, 2ಕ್ಕೆ ‘ಕೈಕಾಲು ಚೆನ್ನಾಗಿ ಆಡಿಸುತ್ತಿದೆ’.

ಕೆಣಕಿದಾಗಿನ ಪ್ರತಿಕ್ರಿಯೆಗೆ ನನಗೆ ಕಷ್ಟವಾಗಲಿಲ್ಲ. ಬೆನ್ನು ಉಜ್ಜಿದಾಗ, ಅಂಗಾಲಿಗೆ ಬೆರಳಲ್ಲಿ ಟಪ್ ಅಂತ ಚಿಮ್ಮಿದಾಗ ಮಗು ಬರೀ ಮುಖ ಕಿವುಚಿದರೆ 1, ಸೀನಿದರೆ, ಕೆಮ್ಮಿದರೆ, ಅತ್ತರೆ 2. ‘ಮುಖ ಕಿವುಚು’ ಎಲ್ಲ ಕಡೆಯೂ ಗೊತ್ತಿರುತ್ತೆ ಅಂದುಕೊಂಡಿದ್ದೇನೆ. ಉಸಿರಾಟಕ್ಕೂ ನಮ್ಮಲ್ಲಿ ಮೊದಲಿಂದ ಒಂದೇ ಪ್ರಶ್ನೆ: ‘ಮಗು ಅತ್ತಿತಾ?’ ನಡೆಯೋದು, ಮಾತಾಡೋದು ತಡವಾದ ಮಗುವನ್ನು ವರ್ಷಗಳಾದ ಮೇಲೆ ಕರೆದುಕೊಂಡು ಹೋದರೂ ಮಕ್ಕಳ ಡಾಕ್ಟರು ‘ಹುಟ್ಟಿದ ಕೂಡಲೇ ಅತ್ತಿತ್ತಾ?’ ಅಂತ ಕೇಳಿಯೇ ಕೇಳುತ್ತಾರೆ.

ನಿಜವಾದ ತಲೆನೋವು ಮೂರನೆಯದು, ಬಣ್ಣ. ಮೂಲದಲ್ಲಿ ಇರೋದು ‘ಪಿಂಕ್’. ‘ಮೈಬಣ್ಣ: ಕೆಂಪಗಿದ್ದರೆ 2’ ಅಂತ ಹಾಕಿದರೆ ಏನಾಗುತ್ತೆ ಯೋಚಿಸಿ. ನಮ್ಮ ಮನೆಗಳಲ್ಲಿ ‘ಮಗು ಕೆಂಪಗೆ ಹುಟ್ಟಿದೆ’ ಅಂದರೆ ಬೆಳ್ಳಗಿದೆ ಅಂತ. ಹಾಗಾದರೆ ಕಪ್ಪಗೆ ಹುಟ್ಟಿದ ಮಗುವಿಗೆ ಸ್ಕೋರ್ ಕಡಿಮೆಯಾ? ಬಣ್ಣದ ಗೀಳು ಮೊದಲೇ ಇರುವ ಊರಲ್ಲಿ ಇದನ್ನು ಅಚ್ಚು ಹಾಕಿಸಿ ಹಂಚೋದು ಬೇಡ. ನೋಡಬೇಕಿರೋದು ರಕ್ತದಲ್ಲಿ ಆಮ್ಲಜನಕ ಸೇರಿದೆಯಾ ಅನ್ನೋದನ್ನ. ಹುಟ್ಟಿದ ಕ್ಷಣದಲ್ಲಿ ಮಕ್ಕಳು ಸ್ವಲ್ಪ ನೀಲಿಯಾಗಿರೋದು ಸಹಜ. ಉಸಿರಾಟ ಕುದುರಿದಂತೆ ಬಣ್ಣ ತಿರುಗುತ್ತೆ. ಚರ್ಮ ಕಪ್ಪಗಿರುವ ಮಗುವಿನಲ್ಲಿ ಅದು ಚರ್ಮದ ಮೇಲೆ ಸರಿಯಾಗಿ ಕಾಣೋದಿಲ್ಲ. ನಾಲಿಗೆ, ತುಟಿಯ ಒಳಭಾಗ, ಒಸಡು ನೋಡಬೇಕು. ಬಿಳಿಯರ ಮಕ್ಕಳನ್ನೇ ಕಣ್ಣ ಮುಂದಿಟ್ಟುಕೊಂಡಂತಿರುವ ಈ ‘ಪಿಂಕ್’ ಪದದ ಬಗ್ಗೆ ಇಂಗ್ಲಿಷ್ ಬಲ್ಲ ವೈದ್ಯರಲ್ಲೂ ಈಗ ತಕರಾರಿದೆ.

ಅದಕ್ಕೇ ‘ಮೈಬಣ್ಣ’ ಪೂರ್ತಿ ಬಿಟ್ಟು ‘ನಾಲಿಗೆ–ತುಟಿಯ ಬಣ್ಣ, ಕೈಕಾಲಿನ ಬಣ್ಣ’ ಅಂತ ಮಾಡಿದ್ದೇನೆ. ಉದ್ದವಾಯ್ತು, ಆದರೂ ಪರವಾಗಿಲ್ಲ. ‘ನೀಲಿಗಟ್ಟಿದೆ’ ಅನ್ನೋದೇ ನನಗೆ ಹತ್ತಿರದ ಪದ. ಕೆಲವು ಕಡೆ ಇದಕ್ಕೇ ‘ಕಪ್ಪಿಟ್ಟಿದೆ’ ಅನ್ನೋದೂ ಉಂಟು. ಅದನ್ನು ಬಳಸಿದರೆ ಮತ್ತೆ ಅದೇ ಗೊಂದಲ.

ನಿಮ್ಮಿಂದ ಬೇಕಿರೋದು ಇಷ್ಟು. ಧಾರವಾಡ, ಕಲಬುರಗಿ ಕಡೆ ಕೂಸು ಜೋಲುಬಿದ್ದಿದ್ದರೆ ಏನಂತಾರೆ? ‘ಕಸುವು’ ಅಲ್ಲಿ ಈ ಅರ್ಥಕ್ಕೆ ಒಗ್ಗುತ್ತಾ? ಕರಾವಳಿಯವರು ‘ನೀಲಿಗಟ್ಟು’ ಬಳಸ್ತೀರಾ? ನಿಮ್ಮೂರಲ್ಲಿ ಸೂಲಗಿತ್ತಿಯರು ಇನ್ನೂ ಇದ್ದರೆ, ಉಸಿರು ಹಿಡಿಯದ ಕೂಸಿಗೆ ಅವರು ಹೇಳುವ ಪದ ಯಾವುದು ಅಂತ ದಯವಿಟ್ಟು ಕೇಳಿ ತಿಳಿಸಿ. ನಿಘಂಟಿನಲ್ಲಿರೋದು ನನ್ನ ಹತ್ತಿರವೂ ಇದೆ. ಬಾಯಲ್ಲಿರೋದು ಬೇಕು.