ಲಿವಿಂಗ್ ವಿಲ್: ನನ್ನ ಕೊನೆಯ ಚಿಕಿತ್ಸೆ ಬೇಡ ಅನ್ನೋಕೆ ಸರ್ಕಾರ ಯಾಕೆ ನಡುವೆ ಬರಬೇಕು?

ತುಂಗಾತೀರ (ಪ್ರಶ್ನೆ):
ಲಿವಿಂಗ್ ವಿಲ್ ಅಂದರೆ, ಮುಂದೆ ತಾನೇ ಹೇಳಲಾರದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡೋ ಕಾಗದ. ವೆಂಟಿಲೇಟರ್ ಬೇಡ, ಡಯಾಲಿಸಿಸ್ ಬೇಡ ಅಂತ ಹೇಳೋದು ಅವರವರ ವಿವೇಚನೆಗೆ ಬಿಟ್ಟ ವಿಷಯ. ಹಾಗಿದ್ದ ಮೇಲೆ ಸಾಕ್ಷಿ, ನೋಟರಿ, ಎರಡೆರಡು ಮೆಡಿಕಲ್ ಬೋರ್ಡ್ (ರೋಗಿಯ ಸ್ಥಿತಿ ಪರಿಶೀಲಿಸೋ ವೈದ್ಯರ ತಂಡ), ಮ್ಯಾಜಿಸ್ಟ್ರೇಟ್ ಇವೆಲ್ಲ ಯಾಕೆ? 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಈ ಬಗ್ಗೆ ಸುತ್ತೋಲೆ ಹೊರಡಿಸಿದಾಗ "ಸರ್ಕಾರ ಸಾಯೋಕೆ ಅನುಮತಿ ಕೊಡ್ತು" ಅಂದವರೂ ಇದ್ದರು, "ಸಾವಿನಲ್ಲೂ ಸರ್ಕಾರ ಕೈಹಾಕ್ತು" ಅಂದವರೂ ಇದ್ದರು. ನಿಜವಾಗಿ ಕಾನೂನು ಏನು ಹೇಳುತ್ತೆ? ಬರೆದಿಟ್ಟ ಕಾಗದ ಐಸಿಯು ಬಾಗಿಲಲ್ಲಿ ನಡೆಯುತ್ತಾ? ತಿಳಿದವರು ವಿವರವಾಗಿ ಹೇಳಿ.

ವಕೀಲರ ಕಟ್ಟೆ:
ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಭಾರತದಲ್ಲಿ ಅಪರಾಧ, ಇಂದಿಗೂ. ಇಲ್ಲಿರುವುದು ಚಿಕಿತ್ಸೆ ನಿರಾಕರಿಸುವ ಹಕ್ಕು. 2011ರಲ್ಲಿ, ದಶಕಗಳ ಕಾಲ ಪ್ರಜ್ಞೆ ಮರಳದೆ ಮಲಗಿದ್ದ ಮುಂಬೈ ನರ್ಸ್ ಅರುಣಾ ಶಾನ್‌ಭಾಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಬಹುದು ಎಂದಿತ್ತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲೇ (ಜೀವಿಸುವ ಹಕ್ಕಿನಲ್ಲೇ) ಇದೆ ಎಂದು ಹೇಳಿ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. ಅಂದರೆ ಹಕ್ಕು ಸರ್ಕಾರ ಕೊಟ್ಟದ್ದಲ್ಲ. ಸುತ್ತೋಲೆ ಮಾಡಿದ್ದು ಆಸ್ಪತ್ರೆಗಳು ಆ ತೀರ್ಪನ್ನು ಹೇಗೆ ಪಾಲಿಸಬೇಕು ಎಂದು ಹೇಳಿದ್ದಷ್ಟೇ.

ಆದರೆ 2018ರ ವಿಧಾನ ಹಕ್ಕನ್ನು ಕಾಗದದಲ್ಲೇ ಉಳಿಸಿತು. ಸಹಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಬೇಕಿತ್ತು. ಎರಡನೇ ಬೋರ್ಡನ್ನು ಜಿಲ್ಲಾಧಿಕಾರಿ ರಚಿಸಬೇಕಿತ್ತು, ತಜ್ಞರಿಗೆ 20 ವರ್ಷ ಅನುಭವ ಬೇಕಿತ್ತು, ಕೊನೆಗೆ ಮ್ಯಾಜಿಸ್ಟ್ರೇಟರೇ ಬಂದು ರೋಗಿಯನ್ನು ನೋಡಿ ಒಪ್ಪಬೇಕಿತ್ತು. ಐಸಿಯುನಲ್ಲಿ ಮಲಗಿರುವವರಿಗೆ ಅಷ್ಟು ಕಾಲಾವಕಾಶ ಎಲ್ಲಿದೆ? ಹಾಗಾಗಿ 2023ರ ಜನವರಿ 24ರಂದು ಕೋರ್ಟೇ ಅದನ್ನು ಸಡಿಲಿಸಿತು.

ಈಗ ಬೇಕಾದದ್ದು ಇಷ್ಟು. ವಯಸ್ಕರು, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ಬರವಣಿಗೆಯಲ್ಲಿ ಕೊಡಬೇಕು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಆಗಬೇಕು, ಅವರು ಹೊರಗಿನವರಾದರೆ ಒಳ್ಳೆಯದು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಬೇಕು. ತಮ್ಮ ಪರವಾಗಿ ನಿರ್ಧಾರ ಹೇಳಬಲ್ಲವರ ಹೆಸರು ಬರೆಯಬೇಕು. ಒಬ್ಬರಿಗಿಂತ ಹೆಚ್ಚು ಹೆಸರು ಕೊಡಬಹುದು, ಕೊಡಲೇಬೇಕು ಎಂಬುದು ನನ್ನ ಸಲಹೆ. ಒಂದು ಪ್ರತಿ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ಸಂಬಂಧಪಟ್ಟ ಅಧಿಕಾರಿಗೆ, ಒಂದು ಮನೆ ಡಾಕ್ಟರಿಗೆ, ಒಂದೊಂದು ಹೆಸರಿಸಿದವರಿಗೆ.

ಜಾರಿಯಾಗುವುದು ಯಾವಾಗ? ಗುಣವಾಗುವ ಆಸೆಯೇ ಇಲ್ಲದ ಕಾಯಿಲೆ, ದೀರ್ಘ ಚಿಕಿತ್ಸೆ, ಜೊತೆಗೆ ರೋಗಿ ತಾನೇ ನಿರ್ಧರಿಸಲಾರದ ಸ್ಥಿತಿ, ಈ ಮೂರೂ ಸೇರಿದಾಗ. ಪ್ರಜ್ಞೆ ಇದ್ದು ಮಾತಾಡಬಲ್ಲವರಾದರೆ ಅವರ ಬಾಯಿಮಾತೇ ಮುಖ್ಯ, ಕಾಗದ ಅಲ್ಲ. ಮೊದಲ ಬೋರ್ಡಿನಲ್ಲಿ ಚಿಕಿತ್ಸೆ ಕೊಡುವ ವೈದ್ಯರು ಮತ್ತು 5 ವರ್ಷವಾದರೂ ಅನುಭವವಿರುವ ಇಬ್ಬರು ತಜ್ಞರು. ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನಾಮನಿರ್ದೇಶನ ಮಾಡಿದ ವೈದ್ಯರೊಬ್ಬರು, ಮೊದಲ ಬೋರ್ಡಿನಲ್ಲಿ ಇರದ ಇಬ್ಬರು ತಜ್ಞರು. ಎರಡೂ ಬೋರ್ಡು ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಮ್ಯಾಜಿಸ್ಟ್ರೇಟರಿಗೆ ಈಗ ಮಾಹಿತಿ ಕೊಟ್ಟರೆ ಸಾಕು, ಅನುಮತಿ ಕೇಳಬೇಕಿಲ್ಲ. ಬೋರ್ಡು ಒಪ್ಪದಿದ್ದರೆ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು.

ಕರ್ನಾಟಕದ ಸುತ್ತೋಲೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು ಸಣ್ಣ ಅಂಶ. 1994ರ ಅಂಗಾಂಗ ಕಸಿ ಕಾಯ್ದೆಯಡಿ ಮಿದುಳು ಸಾವು ದೃಢೀಕರಿಸಲು ಈಗಾಗಲೇ ಅನುಮೋದನೆ ಪಡೆದ ನರರೋಗ ತಜ್ಞರು, ಅರಿವಳಿಕೆ ತಜ್ಞರು ಮೊದಲಾದವರನ್ನು ಜಿಲ್ಲಾ ಆರೋಗ್ಯಾಧಿಕಾರಿಯ ನಾಮಿನಿ ಎಂದೇ ಪರಿಗಣಿಸಬಹುದು. ಪ್ರತಿ ರೋಗಿಗೂ ಜಿಲ್ಲಾ ಕಚೇರಿಗೆ ಪತ್ರ ಬರೆದು ಉತ್ತರಕ್ಕೆ ಕಾಯುತ್ತಾ ಕೂತರೆ ಆ 48 ಗಂಟೆ ಅಲ್ಲೇ ಮುಗಿದುಹೋಗುತ್ತದೆ.

ಐಸಿಯು ಪಾಳಿ:
ಕಾನೂನು ಅವರು ಹೇಳಿದರು, ನಾನು ಕಾಗದದ ಒಳಗಿನ ಮಾತು ಹೇಳ್ತೀನಿ. ಹೆಚ್ಚಿನ ವಿಲ್‌ಗಳು ಸೋಲೋದು ಅಲ್ಲೇ. "ನನಗೆ ಅನಗತ್ಯ ಚಿಕಿತ್ಸೆ ಬೇಡ" ಅಂತ ಒಂದೇ ಸಾಲು ಬರೆದಿಡ್ತಾರೆ. ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರು ಅದನ್ನ ಓದಿ ಏನು ಮಾಡಬೇಕು? ನ್ಯುಮೋನಿಯಾಕ್ಕೆ ಆಂಟಿಬಯಾಟಿಕ್ ಅನಗತ್ಯವೇ? ಎರಡು ದಿನದ ವೆಂಟಿಲೇಟರ್? ಕಾಗದ ಅಸ್ಪಷ್ಟವಾಗಿದ್ದರೆ ಅದನ್ನು ಜಾರಿ ಮಾಡಬಾರದು ಅಂತ ತೀರ್ಪೇ ಹೇಳುತ್ತೆ.

ಒಂದೊಂದೇ ಚಿಕಿತ್ಸೆ ಹೆಸರು ಹಿಡಿದು ಬರೀರಿ: ಎದೆ ಒತ್ತಿ ಹೃದಯ ಮತ್ತೆ ನಡೆಸೋದು, ವೆಂಟಿಲೇಟರ್, ಡಯಾಲಿಸಿಸ್, ರಕ್ತದೊತ್ತಡ ಹಿಡಿದಿಡೋ ಔಷಧ, ಮೂಗಿನ ನಳಿಕೆಯಿಂದ ಆಹಾರ. ಪ್ರತಿಯೊಂದರ ಮುಂದೆ ಯಾವ ಸ್ಥಿತಿಯಲ್ಲಿ ಬೇಡ ಅನ್ನೋದು ಇರಲಿ. ಬರೆಯೋ ಮೊದಲು ಆ ಚಿಕಿತ್ಸೆ ಅಂದ್ರೆ ಏನು ಅಂತ ಮನೆ ಡಾಕ್ಟರ್ ಹತ್ತಿರ ಕೂತು ಕೇಳಿ. ಎದೆ ಒತ್ತುವಾಗ ಎದೆಗೂಡು 5 ಸೆಂಟಿಮೀಟರಿನಷ್ಟು ಕೆಳಗೆ ಹೋಗಬೇಕು, ವಯಸ್ಸಾದವರ ಪಕ್ಕೆಲುಬು ಮುರಿಯೋದು ಸಾಮಾನ್ಯ. ವೆಂಟಿಲೇಟರಿನ ಕೊಳವೆ ಬಾಯಿಂದ ಶ್ವಾಸನಾಳಕ್ಕೆ ಇಳಿದಿರುತ್ತೆ, ಮಾತಾಡೋಕೆ ಆಗಲ್ಲ, ಸಾಮಾನ್ಯವಾಗಿ ಮಂಪರು ಔಷಧ ಕೊಟ್ಟಿರ್ತಾರೆ. ವಾರಗಟ್ಟಲೆ ಬೇಕಾದರೆ ಕತ್ತಿನಲ್ಲಿ ರಂಧ್ರ ಮಾಡ್ತಾರೆ. ಇದೆಲ್ಲ ತಿಳಿದ ಮೇಲೂ ಕೆಲವರು "ಬೇಕು" ಅಂತಾರೆ. ಅದೂ ಅವರ ಸ್ವಾತಂತ್ರ್ಯವೇ, ಅದನ್ನೂ ಬರೀಬಹುದು.

ನಡುವಿನ ದಾರಿಯೊಂದಿದೆ, ಬಹಳ ಜನಕ್ಕೆ ಅದು ಗೊತ್ತಿರಲ್ಲ. "ಮೊದಲ ಇಷ್ಟು ದಿನ ಪ್ರಯತ್ನಿಸಿ, ಸುಧಾರಣೆ ಇಲ್ಲ ಅಂತ ವೈದ್ಯರಿಗೆ ಅನ್ನಿಸಿದರೆ ಹಿಂತೆಗೆಯಿರಿ" ಅಂತ ಬರೆಯೋದು. ಇನ್ನೊಂದು ಸಾಲು ಮಾತ್ರ ಬಿಡಲೇಬೇಡಿ: ನೋವು, ಉಬ್ಬಸ, ಚಡಪಡಿಕೆಗೆ ಮಾರ್ಫಿನ್ ಸೇರಿದಂತೆ ಉಪಶಮನ ಚಿಕಿತ್ಸೆ ಕೊನೆವರೆಗೂ ಬೇಕು.

ತುಂಗಾತೀರ:
ಇಬ್ಬರಿಗೂ ಧನ್ಯವಾದ ಸರ್. ಆದರೂ ನನ್ನ ಮೂಲ ಪ್ರಶ್ನೆ ಉಳಿದೇ ಇದೆ. ಪ್ರಜ್ಞೆ ಇರೋ ರೋಗಿ ಡಾಕ್ಟರಿಗೆ "ಬೇಡ" ಅಂದರೆ ಅಲ್ಲಿಗೆ ಮುಗೀತು. ಅದೇ ಮಾತನ್ನ ಮುಂಚೆಯೇ ಬರೆದಿಟ್ಟರೆ ಯಾಕೆ ಇಷ್ಟು ಜನ ಸೇರಿ ಪರೀಕ್ಷೆ ಮಾಡಬೇಕು?

ಕಾವೇರಿ ದಂಡೆ:
ಯಾಕೆಂದರೆ ಬರೆದವರನ್ನು ಆಗ "ಇದು ನಿಮ್ಮದೇ ಮಾತಾ?" ಎಂದು ಕೇಳಲು ಆಗುವುದಿಲ್ಲ. ಆಸ್ತಿ ಇರುವ ಹಿರಿಯರು, ಆಸ್ಪತ್ರೆ ಬಿಲ್ ಕಟ್ಟುತ್ತಿರುವ ಮಕ್ಕಳು, ಯಾರ ಆಸರೆಯಲ್ಲೋ ಇರುವ ವಿಧವೆ, ಇಂಥ ಕಡೆ "ಸ್ವಇಚ್ಛೆ" ಎಂದು ಬರೆದಿದ್ದರೂ ಅದು ಸ್ವಇಚ್ಛೆ ಆಗಿರಬೇಕಿಲ್ಲ. ಸರ್ಕಾರದ ನ್ಯಾಯವಾದ ಕೆಲಸ ಇಲ್ಲಿದೆ: ಈ ತೀರ್ಮಾನ ನಿಜಕ್ಕೂ ಅವರದ್ದೇ ಎಂದು ಖಾತ್ರಿಪಡಿಸಿಕೊಳ್ಳುವುದು. ತೀರ್ಮಾನ ಸರಿಯೋ ತಪ್ಪೋ, ಪುಣ್ಯವೋ ಪಾಪವೋ ಎಂದು ತೂಗುವುದಲ್ಲ. ಸಾಕ್ಷಿ, ನೋಟರಿ ಮೊದಲನೆಯದಕ್ಕೆ. ಬೋರ್ಡುಗಳು ನೋಡಬೇಕಾದದ್ದು ವೈದ್ಯಕೀಯ ಸ್ಥಿತಿ, ಅಂದರೆ ಕಾಗದದಲ್ಲಿ ಹೇಳಿದ ಸ್ಥಿತಿ ಬಂದಿದೆಯೇ ಎಂಬುದಷ್ಟೇ. ಬೋರ್ಡಿನವರು ತಮ್ಮ ಧರ್ಮನಂಬಿಕೆಯಿಂದ "ಜೀವ ತೆಗೆಯಬಾರದು" ಎಂದು ತಡೆದರೆ ಅದು ಗೆರೆ ದಾಟಿದಂತೆ.

ಹಾಗಾಗಿ ಉತ್ತರಾಧಿಕಾರಿಗಳನ್ನು ಸಾಕ್ಷಿ ಮಾಡಬೇಡಿ. ಮಕ್ಕಳಿಗೆ ವಿಷಯ ಮೊದಲೇ ಹೇಳಿ. ಎಲ್ಲರನ್ನೂ ಕೂರಿಸಿಕೊಂಡು ಓದಿ ಹೇಳಿದರೆ ಇನ್ನೂ ಒಳ್ಳೆಯದು. ಕಾಗದ ಸರಿಯಿದ್ದೂ, ಊರಿನಿಂದ ಓಡಿಬಂದ ಮಗನೊಬ್ಬ "ಏನಾದರೂ ಮಾಡಿ ಡಾಕ್ಟ್ರೇ" ಎಂದು ಅತ್ತರೆ ಆಸ್ಪತ್ರೆ ಹಿಂಜರಿಯುವುದು ಸಹಜ.

ಇನ್ನೊಂದು ಕಡೆಯನ್ನೂ ನೋಡಿ. ವಿಧಾನ ಕಷ್ಟವಾದಾಗ ಕುಟುಂಬದವರು ಬೇರೆ ದಾರಿ ಹಿಡಿಯುತ್ತಾರೆ. "ವೈದ್ಯರ ಸಲಹೆ ಮೀರಿ ಕರೆದೊಯ್ಯುತ್ತಿದ್ದೇವೆ" ಎಂಬ ಫಾರಂಗೆ ಸಹಿ ಹಾಕಿ ಮನೆಗೆ ಕರೆತರುತ್ತಾರೆ. ಮನೆಯಲ್ಲಿ ಆಮ್ಲಜನಕವಿಲ್ಲ, ಮಾರ್ಫಿನ್ ಇಲ್ಲ, ಉಸಿರಿಗೆ ಒದ್ದಾಡಿ ಹೋಗುತ್ತಾರೆ. ಅತಿಯಾದ ಕಾವಲು ದುರ್ಬಲರನ್ನು ಕಾಯುವುದಿಲ್ಲ, ಕಣ್ಣಿಗೆ ಬೀಳದ ಕಡೆ ತಳ್ಳುತ್ತದೆ. 2023ರ ತಿದ್ದುಪಡಿ ಸರಿ ಎಂದು ನಾನು ವಾದಿಸುವುದು ಈ ಕಾರಣಕ್ಕೆ. ಲಿವಿಂಗ್ ವಿಲ್ ಇಲ್ಲದವರಿಗೂ ಹತ್ತಿರದವರ ಲಿಖಿತ ಒಪ್ಪಿಗೆಯ ಮೇಲೆ ಇದೇ ಎರಡು ಬೋರ್ಡಿನ ದಾರಿ ಇದೆ, ಅದನ್ನೂ ಜನಕ್ಕೆ ಹೇಳಬೇಕು.

ಬೆಟ್ಟದ ಬುಡ:
ಸಲ್ಲೇಖನಕ್ಕೂ (ಆಹಾರ ಬಿಟ್ಟು ದೇಹ ತ್ಯಜಿಸೋ ಜೈನ ವ್ರತ) ಇದಕ್ಕೂ ಸಂಬಂಧ ಇದೆಯಾ? ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ 7ನೇ ಶತಮಾನದಿಂದಲೂ ಆ ವ್ರತದಿಂದ ದೇಹ ಬಿಟ್ಟವರ ಶಾಸನಗಳಿವೆ.

ವಕೀಲರ ಕಟ್ಟೆ:
ಕಾನೂನಿನಲ್ಲಿ ಬೇರೆ ಬೇರೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರಾ (ಸಲ್ಲೇಖನದ ಇನ್ನೊಂದು ಹೆಸರು) ಆತ್ಮಹತ್ಯೆಗೆ ಸಮ ಎಂದಿತು, ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅಲ್ಲಿನ ವಾದ ಧಾರ್ಮಿಕ ಸ್ವಾತಂತ್ರ್ಯದ್ದು. ಲಿವಿಂಗ್ ವಿಲ್ ಧರ್ಮದ ಆಧಾರ ಕೇಳುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ.

ತುಂಗಾತೀರ:
ಬರೆದ ಮೇಲೆ ಮನಸ್ಸು ಬದಲಾದರೆ? 108 ಬಂದು ಬೇರೆ ಆಸ್ಪತ್ರೆಗೆ ಕರ್ಕೊಂಡು ಹೋದರೆ?

ಐಸಿಯು ಪಾಳಿ:
ಯಾವಾಗ ಬೇಕಾದರೂ ಬರಹದಲ್ಲಿ ರದ್ದು ಮಾಡಬಹುದು, ಬದಲಿಸಬಹುದು. ಹಳೇ ಪ್ರತಿ ಯಾರ್ಯಾರ ಹತ್ತಿರ ಇದೆಯೋ ಅವರಿಂದ ವಾಪಸ್ ತಗೊಳ್ಳಿ, ಎರಡು ತಾರೀಖಿನ ಕಾಗದ ಓಡಾಡಿದರೆ ಗೊಂದಲ ಗ್ಯಾರಂಟಿ. 108 ವಿಷಯ: ಆಂಬುಲೆನ್ಸ್‌ನವರು ಜೀವ ಉಳಿಸೋ ಪ್ರಯತ್ನ ಮಾಡ್ತಾರೆ, ಮಾಡಲಿ, ಆಗ ಕಾಯಿಲೆ ಏನು ಅಂತಲೇ ಗೊತ್ತಿರಲ್ಲ. ಶುರು ಮಾಡಿದ ಚಿಕಿತ್ಸೆಯನ್ನ ಆಮೇಲೆ ಹಿಂತೆಗೆಯೋಕೂ ತೀರ್ಪಿನಲ್ಲಿ ಅವಕಾಶ ಇದೆ. ಮೂಲ ಪ್ರತಿ ಬ್ಯಾಂಕ್ ಲಾಕರಿನಲ್ಲಿ ಇಡಬೇಡಿ. ಮನೆಯಲ್ಲಿ ಆಸ್ಪತ್ರೆ ಫೈಲಿನ ಮೊದಲ ಹಾಳೆಯಾಗಿ ಹಾಕಿ, ಹೆಸರಿಸಿದ ಇಬ್ಬರ ಫೋನಿನಲ್ಲೂ ಸ್ಕ್ಯಾನ್ ಪ್ರತಿ ಇರಲಿ. ಆ ಇಬ್ಬರಲ್ಲಿ ಒಬ್ಬರಾದರೂ ಅದೇ ಊರಿನಲ್ಲಿ ಇರೋರಾಗಿರಲಿ.