ಪೆಟ್ರೋಲ್ ಪೈಪಿನ ಕಪ್ಲಿಂಗ್ ಎಷ್ಟು ಎಳೆದರೂ ಬರುತ್ತಿಲ್ಲ, ಕತ್ತರಿಸಿಬಿಡಲಾ?

ಪ್ರಶ್ನೆ: ನಮಸ್ಕಾರ ಸರ್. ಎರಡು ವರ್ಷದಿಂದ ಒಂದು ಕಿಟ್ ಕಾರ್ (ಬಿಡಿಭಾಗ ತಂದು ನಾವೇ ಜೋಡಿಸುವ ಕಾರು) ಕಟ್ಟುತ್ತಿದ್ದೇನೆ. ಎಂಜಿನ್, ಪಂಪ್, ಪೈಪು ಎಲ್ಲಾ ಒಂದೇ ಹಳೆಯ ಕಾರಿನಿಂದ ತೆಗೆದದ್ದು. ಎಂಜಿನ್ ಚೆನ್ನಾಗಿ ಓಡುತ್ತದೆ, ಆದರೆ ಕ್ಲಚ್ ಕೆಲಸಕ್ಕೆ ಮತ್ತೆ ಕೆಳಗಿಳಿಸಬೇಕು. ಟ್ಯಾಂಕಿನಿಂದ ಬರುವ ನೈಲಾನ್ ಪೈಪು ಫ್ಯೂಯೆಲ್ ರೈಲಿಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ) ಸೇರುವ ಜಾಗದಲ್ಲಿ, ಒತ್ತಿದರೆ ಕೂರುವ ಥರದ ಪ್ಲಾಸ್ಟಿಕ್ ಕಪ್ಲಿಂಗ್ ಇದೆ, ಎರಡೂ ಪಕ್ಕಕ್ಕೆ ಒಂದೊಂದು ಬಟನ್. ಒತ್ತಿ ಹಿಡಿದು ಎಷ್ಟು ಎಳೆದರೂ ಅಲ್ಲಾಡುತ್ತಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದೆ, ಒಂದು ಬಟನ್ನಿನ ಅಂಚು ಬೆಳ್ಳಗಾಯಿತು. ಕತ್ತರಿಸಿ ರಬ್ಬರ್ ಪೈಪು ಹಾಕಿ ಕ್ಲಿಪ್ ಬಿಗಿದರೆ ಆಗಲ್ವಾ?

ಉತ್ತರ: ಕತ್ತರಿಸಬೇಡಿ, ಮತ್ತೆ ಸ್ಕ್ರೂಡ್ರೈವರ್ ಮುಟ್ಟಬೇಡಿ. ಪ್ಲಾಸ್ಟಿಕ್ ಬೆಳ್ಳಗಾಯಿತು ಅಂದರೆ ಇನ್ನೊಂದು ಸಲ ಮೀಟಿದರೆ ಮುರಿಯುತ್ತದೆ ಅಂತ ಅರ್ಥ.

ಮೊದಲು ಒಳಗಿನ ಒತ್ತಡ ಇಳಿಸಿ. ಎಂಜಿನ್ ನಿಲ್ಲಿಸಿ ಗಂಟೆಗಳಾದರೂ ಲೈನಿನಲ್ಲಿ ಒತ್ತಡ ಉಳಿದಿರಬಹುದು. ಸಾಮಾನ್ಯ ಇಂಜೆಕ್ಷನ್ ಎಂಜಿನ್ನಿನಲ್ಲಿ ಅದು 3ರಿಂದ 4 ಬಾರ್, ಕಪ್ಲಿಂಗ್ ಬಿಚ್ಚಿದ ಕೂಡಲೇ ಪೆಟ್ರೋಲ್ ನೇರ ಮುಖಕ್ಕೆ ಹಾರುತ್ತದೆ. ಎಂಜಿನ್ ಓಡುತ್ತಿರುವಾಗಲೇ ಪಂಪಿನ ಫ್ಯೂಸ್ ಅಥವಾ ರಿಲೇ ಕಿತ್ತುಬಿಡಿ. ತಾನಾಗಿ ನಿಲ್ಲುತ್ತದೆ. ಆಮೇಲೆ ಸ್ಟಾರ್ಟರ್ ಇನ್ನೊಂದೆರಡು ಸಲ ತಿರುಗಿಸಿ, ಕೀ ತೆಗೆದು, ಎಂಜಿನ್ ಪೂರ್ತಿ ತಣ್ಣಗಾಗಲು ಬಿಡಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಟ್ಯಾಂಕಿನ ಮುಚ್ಚಳ ಒಮ್ಮೆ ಸಡಿಲಿಸಿ, ಅಲ್ಲೂ ಒತ್ತಡ ಕಟ್ಟಿಕೊಂಡಿರುತ್ತದೆ.

ಇನ್ನು ಕಪ್ಲಿಂಗ್. ಎಲ್ಲರೂ ತಪ್ಪುವುದು ಇಲ್ಲೇ. ನೀವು ಎಳೆಯುತ್ತಲೇ ಬಟನ್ ಒತ್ತುತ್ತಿದ್ದೀರಿ ಅಲ್ವಾ? ರೈಲಿನ ಪೈಪಿನ ಮೇಲೆ ಒಂದು ಉಬ್ಬು ಇರುತ್ತದೆ, ಕಪ್ಲಿಂಗಿನೊಳಗಿನ ಲಾಕ್ ಅದರ ಹಿಂದೆ ಕೂತು ಹಿಡಿಯುತ್ತದೆ. ನೀವು ಎಳೆದಷ್ಟೂ ಲಾಕ್ ಆ ಉಬ್ಬಿಗೆ ಇನ್ನೂ ಒತ್ತಿಕೊಂಡು ಸಿಕ್ಕಿಬೀಳುತ್ತದೆ. ಅದಕ್ಕೇ ಮೊದಲು ಕಪ್ಲಿಂಗನ್ನು ರೈಲಿನ ಕಡೆಗೆ ಒಳಕ್ಕೆ ತಳ್ಳಿ. ತಳ್ಳಿ ಹಿಡಿದುಕೊಂಡೇ ಎರಡೂ ಬಟನ್ ಪೂರ್ತಿ ಒತ್ತಿ. ಒತ್ತಿದ್ದನ್ನು ಬಿಡದೆ ನೇರವಾಗಿ ಹಿಂದಕ್ಕೆ ಎಳೆಯಿರಿ. ಪಕ್ಕಕ್ಕೆ ಬಗ್ಗಿಸಬೇಡಿ.

ಶುರು ಮಾಡುವ ಮುಂಚೆ ಬಟನ್ ಸುತ್ತ ಇರುವ ಮಣ್ಣನ್ನು ಗಾಳಿ ಹೊಡೆದು ತೆಗೆಯಿರಿ. ಗಾಲಿ ಎರಚುವ ಕಡೆ ಇರುವ ಕಪ್ಲಿಂಗಿನಲ್ಲಿ ನಾಲ್ಕು ಮರಳಿನ ಕಣ ಸಾಕು, ಲಾಕ್ ತೆರೆದುಕೊಳ್ಳುವುದೇ ಇಲ್ಲ. ಒಳಗಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಅಂಟಿಕೊಂಡಿದ್ದರೆ ಕಪ್ಲಿಂಗನ್ನು ಕೈಯಲ್ಲೇ ಆ ಕಡೆ ಈ ಕಡೆ ಕಾಲು ಸುತ್ತು ತಿರುಗಿಸಿ ನೋಡಿ. ಪಕ್ಕಡ್ ಹಾಕಬೇಡಿ.

ಒಂದು ಬಟ್ಟೆ ಸುತ್ತಿಕೊಂಡೇ ಬಿಚ್ಚಿ, ಕನ್ನಡಕ ಹಾಕಿ. ಒತ್ತಡ ಇಳಿಸಿದರೂ ಒಂದಿಷ್ಟು ಪೆಟ್ರೋಲ್ ಬಂದೇ ಬರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ, ಅದು ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಗಾಜಿನ ಬಲ್ಬಿನ ದೀಪ ಕೆಳಗಿಟ್ಟು ಕೆಲಸ ಮಾಡಬೇಡಿ. ಅದು ಬಿದ್ದು ಒಡೆದು ಕಾರು ಹೊತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫೋಮ್ ಅಥವಾ ಪುಡಿಯ ಅಗ್ನಿಶಾಮಕ ಕೈಗೆ ಸಿಗುವ ಹಾಗೆ ಇರಲಿ.

ರಬ್ಬರ್ ಪೈಪಿನ ವಿಚಾರ: ನೈಲಾನ್ ಪೈಪಿನ ಮೇಲೆ ರಬ್ಬರ್ ಏರಿಸಿ ಕ್ಲಿಪ್ ಬಿಗಿದರೆ ನೈಲಾನ್ ಒಳಕ್ಕೆ ಕುಗ್ಗುತ್ತದೆ, ಹಿಡಿತ ನಿಲ್ಲುವುದಿಲ್ಲ. ಕಟ್ಟಿಕೊಂಡ ಕಾರುಗಳಲ್ಲಿ ನಾನು ಜಾಸ್ತಿ ಹೆದರುವುದು ಇಂಥ ಜೋಡಣೆಗೇ.

ಪ್ರಶ್ನೆ: ಸರ್, ವೈರಿಂಗ್ ನಾನೇ ಮಾಡಿದ್ದು, ಫ್ಯೂಸ್‌ಗಳಿಗೆ ಹೆಸರು ಬರೆದಿಲ್ಲ. ಯಾವುದು ಪಂಪಿನದು ಅಂತ ಗೊತ್ತಾಗುತ್ತಿಲ್ಲ.

ಉತ್ತರ: ಫ್ಯೂಸ್ ಹುಡುಕುತ್ತಾ ಕೂರಬೇಡಿ, ಟ್ಯಾಂಕಿನ ಹತ್ತಿರ ಪಂಪಿಗೆ ಹೋಗುವ ಕನೆಕ್ಟರನ್ನೇ ತೆಗೆಯಿರಿ. ಆದರೆ ಅದನ್ನು ಎಂಜಿನ್ ಓಡುವಾಗ ತೆಗೆಯಬೇಡಿ, ಟ್ಯಾಂಕಿನ ಪಕ್ಕ ಕಿಡಿ ಬೇಡ. ಕೀ ಆಫ್ ಮಾಡಿ ಕನೆಕ್ಟರ್ ಬಿಚ್ಚಿ, ಆಮೇಲೆ ಸ್ಟಾರ್ಟ್ ಮಾಡಿ. ಲೈನಿನಲ್ಲಿ ಉಳಿದಿರುವಷ್ಟಕ್ಕೆ ಸ್ವಲ್ಪ ಓಡಿ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಇವತ್ತೇ ಫ್ಯೂಸ್‌ಗಳಿಗೆ ಹೆಸರು ಬರೆದಿಡಿ.

ಇನ್ನೊಬ್ಬರು: ನನ್ನದರಲ್ಲಿ ಬಟನ್ನೇ ಇಲ್ಲ ಸರ್. ದುಂಡಗಿನ ಕಪ್ಲಿಂಗ್, ಒಳಗೆ ಪೈಪಿನ ಸುತ್ತ ಸಣ್ಣ ಸಂದು ಕಾಣುತ್ತದೆ.

ಉತ್ತರ: ಅದಕ್ಕೆ ಟೂಲ್ ಬೇಕೇ ಬೇಕು. ಪೈಪಿನ ಸುತ್ತ ಕೂರುವ ಉಂಗುರದ ಥರ ಇರುತ್ತದೆ, ಅದನ್ನು ಸಂದಿಗೆ ನೂಕಿದರೆ ಒಳಗಿನ ಹಲ್ಲುಗಳು ಅಗಲವಾಗುತ್ತವೆ. ಅಳತೆ ಸರಿಯಾಗಿರಲಿ. 5/16 ಇಂಚು, 3/8 ಇಂಚು ಎರಡೂ ಜಾಸ್ತಿ ಬಳಕೆಯಲ್ಲಿವೆ, ಒಂದೇ ಕಾರಿನಲ್ಲಿ ಹೋಗುವ ಲೈನಿಗೆ ಒಂದು, ವಾಪಸ್ ಬರುವ ಲೈನಿಗೆ ಇನ್ನೊಂದು ಇರಬಹುದು. ದೊಡ್ಡದು ಸಂದಿಗೆ ಹೋಗುವುದಿಲ್ಲ, ಚಿಕ್ಕದು ಪೈಪಿನ ಮೇಲೆ ಕೂರುವುದಿಲ್ಲ. ಇಲ್ಲಿಯೂ ಮೊದಲು ಕಪ್ಲಿಂಗನ್ನು ಒಳಕ್ಕೆ ತಳ್ಳಿ, ಆಮೇಲೆ ಟೂಲ್, ಆಮೇಲೆ ಎಳೆಯುವುದು.

ಪ್ರಶ್ನೆ: ಸರ್, ಬಂತು! ಒಳಕ್ಕೆ ತಳ್ಳಿ ಒತ್ತಿದೆ, ಟಕ್ ಅಂತ ಬಿಟ್ಟುಕೊಂಡಿತು. ಬೆಳ್ಳಗಾದ ಬಟನ್ ಹಾಗೇ ಇದೆ, ಮುರಿದಿಲ್ಲ. ಅದನ್ನೇ ವಾಪಸ್ ಹಾಕಲಾ?

ಉತ್ತರ: ಬಹಳ ಸಂತೋಷ. ಆದರೆ ಆ ಕಪ್ಲಿಂಗ್ ಬದಲಾಯಿಸಿ. ಪೆಟ್ರೋಲ್ ಒತ್ತಡವನ್ನು ಹಿಡಿದಿರುವುದು ಅದೇ ಲಾಕ್, ಅರ್ಧ ಒಡೆದದ್ದನ್ನು ನಂಬುವ ಹಾಗಿಲ್ಲ. ಅಲ್ಲಿಯವರೆಗೆ ಎರಡೂ ಬಾಯಿಗೆ ಸ್ವಚ್ಛವಾದ ಕ್ಯಾಪ್ ಹಾಕಿಡಿ. ಒಂದು ಕಸ ಒಳಗೆ ಹೋದರೆ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ.

ಹಾಕುವಾಗ ರೈಲಿನ ಪೈಪಿನ ತುದಿ ಒರೆಸಿ, ಒಂದು ಹನಿ ಹೊಸ ಎಂಜಿನ್ ಆಯಿಲ್ ಹಚ್ಚಿ. ಒಣಗಿದ ಪೈಪು ಓ-ರಿಂಗನ್ನು ಹರಿದುಬಿಡುತ್ತದೆ. ಟಕ್ ಅಂತ ಕೇಳುವ ತನಕ ತಳ್ಳಿ, ಆಮೇಲೆ ಗಟ್ಟಿಯಾಗಿ ಹಿಂದಕ್ಕೆ ಎಳೆದು ನೋಡಿ. ಪಂಪ್, ಬ್ಯಾಟರಿ ಮತ್ತೆ ಜೋಡಿಸಿದ ಮೇಲೆ ಸ್ಟಾರ್ಟ್ ಮಾಡದೆ ಕೀಯನ್ನು ಮೂರ್ನಾಲ್ಕು ಸಲ ಆನ್ ಆಫ್ ಮಾಡಿ, ಪಂಪ್ ಒತ್ತಡ ಕಟ್ಟುತ್ತದೆ. ಆಗ ಬೆರಳಿನಿಂದ ಜೋಡಣೆಯ ಕೆಳಭಾಗ ಮುಟ್ಟಿ ನೋಡಿ. ಒಣಗಿದ್ದರೆ ಮಾತ್ರ ಸ್ಟಾರ್ಟ್ ಮಾಡಿ, ಎಂಜಿನ್ ಓಡುವಾಗಲೂ ಇನ್ನೊಮ್ಮೆ ನೋಡಿ.